ಸತ್ತವರ ಸೇವೆಗೂ ಬೇಕು ತರಬೇತಿ

ಶವವನ್ನು ತೊಳೆದು, ಕೆಡದಂತೆ ಕಾಪಾಡಿ, ಅಂತ್ಯಸಂಸ್ಕಾರಕ್ಕೆ ಒಪ್ಪಿಸುವವರು ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಬೇಕು ಎಂದರೆ ನಮ್ಮಲ್ಲಿ ಯಾರಿಗೂ ಆಶ್ಚರ್ಯವಾದೀತು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇದು ಕಡ್ಡಾಯ. ಅಂಗರಚನೆ, ರೋಗಾಣು ಶಾಸ್ತ್ರ, ರಸಾಯನಶಾಸ್ತ್ರ, ಕಾನೂನು, ದುಃಖಿತರಿಗೆ ಸಾಂತ್ವನ ಹೇಳುವ ಬಗೆ ಎಲ್ಲವನ್ನೂ ಅಲ್ಲಿನ ಅಭ್ಯರ್ಥಿ ಓದಿಕೊಳ್ಳಬೇಕು.

ಇದಕ್ಕೆ ಕಾರಣವಾದದ್ದು 1861–65ರ ಅಂತರ್ಯುದ್ಧ. ದೂರದ ರಣರಂಗದಲ್ಲಿ ಮಡಿದವರನ್ನು ಊರಿಗೆ ಸಾಗಿಸಲು ರಕ್ತನಾಳಗಳಿಗೆ ರಾಸಾಯನಿಕ ತುಂಬುವ ವಿಧಾನ ಬಳಕೆಗೆ ಬಂತು. 1865ರಲ್ಲಿ ಅಧ್ಯಕ್ಷ ಲಿಂಕನ್ನರ ದೇಹವನ್ನು ಹೀಗೆಯೇ ಕಾಪಾಡಿ, ರೈಲಿನಲ್ಲಿ ಊರೂರು ದಾಟಿಸಿ ಒಯ್ದರು. ಕೆಲಸ ವೃತ್ತಿಯಾಯಿತು, ಶತಮಾನದ ಕೊನೆಗೆ ಅದಕ್ಕೆ ಪರೀಕ್ಷೆಯೂ ಬಂತು.

ನಮ್ಮಲ್ಲಿ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಸಂಸ್ಕಾರ ಮುಗಿಯುವುದರಿಂದ ಇಂಥ ವೃತ್ತಿ ಬೆಳೆಯಲಿಲ್ಲ. ಹಾಗೆಂದು ವಿದ್ಯೆ ಇರಲಿಲ್ಲವೆಂದಲ್ಲ. ಹಂಪಿಯ ಸುತ್ತಲ ನೆಲವೇ ಅದಕ್ಕೆ ಸಾಕ್ಷಿ. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ಮೇಲೆ ಕಬ್ಬಿಣ ಯುಗದ ಜನ ಭಾರಿ ಚಪ್ಪಡಿಗಳಿಂದ ಕಟ್ಟಿದ ನೂರಾರು ಶಿಲಾಸಮಾಧಿಗಳಿವೆ. ಆನೆಗೊಂದಿಯ ನಡುಗಡ್ಡೆಯಲ್ಲಿ ವ್ಯಾಸರಾಯರೂ ಸೇರಿದಂತೆ ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳಿವೆ. ಹಂಪಿಯಲ್ಲಿ 1439ರಲ್ಲಿ ಅಹಮದ್ ಖಾನ್ ಕಟ್ಟಿಸಿದ ಧರ್ಮಸಾಲೆಯ ಪಕ್ಕದಲ್ಲಿ ಗೋರಿಗಳಿವೆ. ಹೊಸಪೇಟೆ ದಾರಿಯ ಕಡಿರಾಂಪುರದಲ್ಲಿ ಗುಮ್ಮಟದ ಗೋರಿಗಳು ನಿಂತಿವೆ.

ಈ ಕಲ್ಲುಗಳ ಹಿಂದಿನ ಕೈಗೆಲಸ ಬಾಯಿಂದ ಬಾಯಿಗೆ ಬಂದದ್ದು. ಹೊಸಪೇಟೆ, ಕಂಪ್ಲಿ, ಸಂಡೂರಿನ ಲಿಂಗಾಯತರಲ್ಲಿ ದೇಹವನ್ನು ಕುಳ್ಳಿರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಸಮಾಧಿ ಮಾಡುವ ಕ್ರಮವಿದೆ. ದೇಹ ಬಿಗಿಯುವ ಮೊದಲೇ ಕುಳ್ಳಿರಿಸಬೇಕೆಂಬುದು ಹಿರಿಯರಿಗೆ ಗೊತ್ತು. ಮುಸ್ಲಿಮರಲ್ಲಿ ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಸ್ನಾನ ಮಾಡಿಸುತ್ತಾರೆ. ಕಫನ್ ಬಟ್ಟೆ ಗಂಡಸರಿಗೆ ಮೂರು, ಹೆಂಗಸರಿಗೆ ಐದು. ಹಿರಿಯರ ಜತೆ ನಿಂತು ಕೈಯಾಡಿಸಿದವನೇ ಇಲ್ಲಿ ವಿದ್ಯಾರ್ಥಿ.

ಕೊರೊನಾ ಈ ಪಾಠಶಾಲೆಯನ್ನು ಮುಚ್ಚಿಸಿತು. ಮನೆಯವರು ದೂರ ನಿಲ್ಲಬೇಕಾಯಿತು. ಶವ ಅಪರಿಚಿತರ ಕೈಸೇರಿತು. ಕೇಂದ್ರ ಆರೋಗ್ಯ ಇಲಾಖೆ 2020ರ ಮಾರ್ಚ್‌ನಲ್ಲೇ ನಿಯಮ ಹೊರಡಿಸಿತ್ತು: ಸೋರದ ಚೀಲ, ಅದರ ಹೊರಮೈಗೆ ಸೋಂಕುನಾಶಕ, ಬಂಧುಗಳಿಗೆ ಕೊನೆಯ ಬಾರಿ ಮುಖ ನೋಡುವ ಅವಕಾಶ. ಆದರೆ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ರಕ್ಷಾಕವಚ ತೊಟ್ಟ ಸಿಬ್ಬಂದಿ ಒಂದೇ ಗುಂಡಿಗೆ ಹಲವು ಶವಗಳನ್ನು ಎಸೆಯುವ ದೃಶ್ಯ ನಾಡನ್ನೇ ಬೆಚ್ಚಿಬೀಳಿಸಿತು. ಹೊಸಪೇಟೆ, ಹಂಪಿ ಆಗ ಅದೇ ಜಿಲ್ಲೆಯಲ್ಲಿದ್ದವು. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಜಿಲ್ಲಾಡಳಿತ ಕ್ಷಮೆ ಕೇಳಿತು. ಆ ತಂಡವನ್ನು ಬದಲಿಸಿ, ವೈದ್ಯಕೀಯ ಕಾಲೇಜಿನ ನ್ಯಾಯವೈದ್ಯ ವಿಭಾಗದ ಮುಖ್ಯಸ್ಥರಿಂದ ತರಬೇತಿ ಪಡೆದ ಹೊಸ ತಂಡ ನೇಮಿಸುವುದಾಗಿ ಹೇಳಿತು.

ಪರಿಹಾರವಾಗಿ ಆಡಳಿತಕ್ಕೆ ಹೊಳೆದದ್ದು ತರಬೇತಿ ಎಂಬುದನ್ನು ಗಮನಿಸಬೇಕು. ನಿಯಮ ಕಾಗದದಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಹೆತ್ತವರು ಇಲ್ಲಿ, ಮಕ್ಕಳು ಪರದೇಶದಲ್ಲಿ ಎಂಬಂತಾಗಿರುವ ಇಂದು ಶವಾಗಾರದ ಸಹಾಯಕ, ಆಂಬುಲೆನ್ಸ್ ಚಾಲಕ, ಸ್ಮಶಾನದ ಕಾವಲುಗಾರರ ಮೇಲಿನ ಹೊಣೆ ಹೆಚ್ಚಿದೆ. ಅಮೆರಿಕದಷ್ಟು ದೊಡ್ಡ ಪರೀಕ್ಷೆ ನಮಗೆ ಬೇಡವಾಗಬಹುದು. ಆದರೆ ಈ ಕೆಲಸ ಮಾಡುವವರಿಗೆ ಕೆಲವು ವಾರಗಳ ಕಲಿಕೆ, ಒಂದು ಪ್ರಮಾಣಪತ್ರ, ಅದಕ್ಕೆ ತಕ್ಕ ಸಂಬಳ ಮತ್ತು ಮರ್ಯಾದೆ ಸಿಗಲೇಬೇಕು.