ಅಹವಾಲು ಕೇಳಿದ ದಿವಾನರು

ಆಳುವವರು ಆಡುವುದು ವಾಡಿಕೆ, ಆಲಿಸುವುದು ಅಪೂರ್ವ. ಆದರೂ ಅರಸೊತ್ತಿಗೆಯ ಕಾಲದಲ್ಲಿಯೇ ಸರ್ಕಾರವು ಪ್ರಜೆಗಳನ್ನು ಕರೆಸಿ, ಕುಳ್ಳಿರಿಸಿ, ಅವರ ಅಹವಾಲನ್ನು ಕೇಳತೊಡಗಿದ ಪ್ರಸಂಗವೊಂದು ನಮ್ಮ ಮೈಸೂರಿನ ಚರಿತ್ರೆಯಲ್ಲಿದೆ.

೧೮೮೧ನೆಯ ಮಾರ್ಚಿ ೨೫ರಂದು, ಐವತ್ತು ವರ್ಷಗಳ ಬ್ರಿಟಿಷ್ ಆಡಳಿತವು ಮುಗಿದು, ಸಂಸ್ಥಾನವು ಶ್ರೀ ಚಾಮರಾಜೇಂದ್ರ ಒಡೆಯರ ವಶಕ್ಕೆ ಮರಳಿತು. ದಿವಾನರಾದ ರಂಗಾಚಾರ್ಲುರವರ ಕೈಗೆ ಬಂದದ್ದು ಕ್ಷಾಮದಿಂದ ಬಸವಳಿದ ನಾಡು. ೧೮೭೧ರಲ್ಲಿ ೫೦ ಲಕ್ಷಕ್ಕೆ ಮಿಕ್ಕಿದ್ದ ಜನಸಂಖ್ಯೆಯು, ೧೮೭೬-೭೮ರ ಬರದ ತರುವಾಯ, ೧೮೮೧ರ ಗಣತಿಯಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿದ್ದಿತು. ಅಳಿದುಳಿದ ರೈತನಿಗೆ ಸರ್ಕಾರವೆಂದರೆ ಕಂದಾಯವನ್ನು ಕೇಳುವ ಬಾಯಿ. ಅದಕ್ಕೆ ಕಿವಿಯೂ ಉಂಟೆಂಬುದನ್ನು ತೋರಿಸಿಕೊಡಬೇಕಾಗಿದ್ದಿತು.

ಅದೇ ವರ್ಷದ ಅಕ್ಟೋಬರ್ ೭ರಂದು, ದಸರೆಯ ಸಮಯದಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ನೆರೆಯಿತು. ಬಂದವರು ೧೪೪ ಮಂದಿ. ರೈತರು, ವರ್ತಕರು, ತೋಟದ ಒಡೆಯರು. ದಿವಾನರು ಹಿಂದಿನ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಉದ್ದೇಶಗಳನ್ನೂ ಅವರ ಮುಂದಿಟ್ಟರು. ಪ್ರತಿನಿಧಿಗಳು ತಮ್ಮ ಊರುಗಳ ಕುಂದುಕೊರತೆಗಳನ್ನು ಅರಿಕೆಮಾಡಿಕೊಂಡರು. ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಹಾಗಿದ್ದರೆ ಅದರ ಬೆಲೆಯೇನು? ಅದು ವರ್ಷವರ್ಷವೂ ಸೇರುತ್ತಿದ್ದುದೇ ಅದರ ಬೆಲೆ. ಈ ವರ್ಷ ಕೇಳಿದವನು ಮರುವರ್ಷ ಅದೇ ಜನರ ಮುಖವನ್ನು ನೋಡಬೇಕು, ಆದುದೇನೆಂದು ಹೇಳಬೇಕು. ಕೇವಲ ಕಿವಿಗೊಡುವುದರಿಂದ ನಂಬಿಕೆ ಹುಟ್ಟದು; ಉತ್ತರ ಹೇಳುವ ಹೊಣೆ ಕೂಡಿಕೊಂಡಾಗಲೇ ಅದು ಬೇರೂರುವುದು.

ರಂಗಾಚಾರ್ಲುರವರು ೧೮೮೩ರ ಆರಂಭದಲ್ಲಿಯೇ ತೀರಿಕೊಂಡರು; ಸಭೆ ಉಳಿಯಿತು. ೧೮೯೧ರಿಂದ ಪ್ರತಿನಿಧಿಗಳು ಚುನಾಯಿತರಾಗಿ ಬಂದರು. ೧೯೨೩ರಲ್ಲಿ ಸಭೆಗೆ ಶಾಸನದ ಬಲವೊದಗಿತು. ಆದರೆ ಆಸ್ತಿಯಿಲ್ಲದವನ ದನಿ ಅಲ್ಲಿಗೆ ಮುಟ್ಟುವುದು ದುಸ್ತರವಾಗಿದ್ದಿತು. ಕಡೆಯ ತೀರ್ಮಾನವೂ ಅರಮನೆಯದೇ ಆಗಿದ್ದಿತು.

ಇಷ್ಟಾದರೂ ಒಂದು ಮಾತನ್ನು ಮರೆಯಲಾಗದು. ಕೇಳಿಸಿಕೊಳ್ಳುವ ರೂಢಿಯೇ ಜನರಿಗೆ ಕೇಳುವ ಧೈರ್ಯವನ್ನು ಕಲಿಸಿತು. ಅರಿಕೆಯು ಕ್ರಮೇಣ ಹಕ್ಕೊತ್ತಾಯವಾಯಿತು. ೧೯೪೭ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಎಂದು ಹೊರಟ ಜನಕ್ಕೆ ಸಾವಧಾನದ ಕಿವಿಯೊಂದೇ ಸಾಕಾಗಿರಲಿಲ್ಲ. ಜವಾಬ್ದಾರಿ ಸರ್ಕಾರವೇ ಬೇಕಾಗಿದ್ದಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಬಂದಿತು.

ಆಲಿಸುವ ನಾಯಕನಿಗೆ ಪ್ರಜೆಗಳು ಕೊಡುವ ನಂಬಿಕೆಯು ದಾನವಲ್ಲ, ಸಾಲ. ಮೊದಲ ಕಂತನ್ನು ಉತ್ತರದಿಂದ ತೀರಿಸಬಹುದು. ಕಡೆಯ ಕಂತನ್ನು ಅಧಿಕಾರವನ್ನು ಹಂಚಿಕೊಂಡೇ ತೀರಿಸಬೇಕು.