ಅಂಟು ಆರುವ ಹೊತ್ತು

ನಾಳೆ ಶಾಲೆಗೆ ರಟ್ಟಿನ ಮನೆ ಮಾಡಿಕೊಂಡು ಹೋಗಬೇಕೆಂಬುದು ಮಕ್ಕಳಿಗೆ ನೆನಪಾಗುವುದು ರಾತ್ರಿ ಊಟವಾದ ಮೇಲೆಯೇ. ಆಮೇಲೆ ಅದು ತಾಯಿಯ ಕೆಲಸ. ಛಾವಣಿ ಹಿಡಿದರೆ ಗೋಡೆ ವಾಲುತ್ತದೆ, ಗೋಡೆ ಹಿಡಿದರೆ ಛಾವಣಿ ಜಾರುತ್ತದೆ. ಗಾಬರಿಯಲ್ಲಿ ಇನ್ನಷ್ಟು ಅಂಟು ಸುರಿಯುತ್ತೇವೆ. ಸುರಿದಷ್ಟೂ ಅದು ಆರುವುದು ತಡ.

ಜಮಖಂಡಿ ಸೀಮೆಯಲ್ಲಿ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. ಪಕ್ಕದ ರಬಕವಿ-ಬನಹಟ್ಟಿ ನೇಕಾರರ ಊರುಗಳು. ಕೈಮಗ್ಗದ ಹತ್ತಿ ನೂಲು ಮಗ್ಗದ ಎಳೆತ, ಹಣಿಗೆಯ ತಿಕ್ಕಾಟ ತಾಳಬೇಕಾದರೆ ಹಾಸಿನ ಎಳೆಗಳಿಗೆ ಗಂಜಿ ಹಿಡಿಸಬೇಕು. ಹಿಟ್ಟಿನ ಗಂಜಿ ಕಾಯಿಸಿ, ಹಾಸನ್ನು ಓಣಿಯುದ್ದ ಬಿಗಿದು, ಬಿಸಿಲೇರುವ ಮುಂಚೆಯೇ ಕುಂಚದಿಂದ ತೀಡುವುದು ಹಳೆಯ ಪದ್ಧತಿ. ಗಂಜಿ ಹೆಚ್ಚಾದರೆ ಎಳೆಗೆ ಎಳೆ ಅಂಟಿ ಹಗ್ಗವಾಗುತ್ತದೆ. ಸುಡುಬಿಸಿಲಿಗೆ ಒಣಗಿದರೆ ನೂಲು ಗರಿಗರಿಯಾಗಿ ಪಟಪಟನೆ ಹರಿಯುತ್ತದೆ. ಹಸಿ ಉಳಿದರೆ ಬೂಸು ಹಿಡಿಯುತ್ತದೆ. ಅದಕ್ಕೇ ತೆಳ್ಳಗೆ ಹಚ್ಚಿ, ಆರುವವರೆಗೂ ತೀಡುತ್ತಲೇ ಇರಬೇಕು. ಗಂಜಿ ಕಾಯಿಸುವುದು, ಕಂಡಿಕೆ ಸುತ್ತುವುದು ಬಹುಪಾಲು ಹೆಂಗಸರ ಕೆಲಸ. ಸೀರೆ ನೇಯ್ದವನೆಂಬ ಹೆಸರು ಮಾತ್ರ ಗಂಡಸಿನದು!

ಅಂಟಿನಿಂದ ನೀರು ಕಳೆಯಬೇಕೆಂಬ ತಿಳಿವಳಿಕೆ ಇನ್ನೂ ಹಳೆಯದು. ಬಾದಾಮಿಯಲ್ಲಿ ಚಾಲುಕ್ಯರು ಕೋಟೆ ಕಟ್ಟಿದ ಆರನೆಯ ಶತಮಾನದಲ್ಲೇ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ ವಜ್ರಲೇಪದ ಪಾಕ ಹೇಳಿದ್ದಾನೆ. ಬೇಲದ ಕಾಯಿ, ಬೂರುಗದ ಹೂವು ಮೊದಲಾದವನ್ನು ನೀರಿನಲ್ಲಿ ಎಂಟರಲ್ಲಿ ಒಂದು ಪಾಲು ಉಳಿಯುವವರೆಗೆ ಕುದಿಸಿ, ಆಮೇಲೆ ರಾಳದಂಥವನ್ನು ಬೆರೆಸಬೇಕಂತೆ. ಕೊಪ್ಪಳದ ಕಿನ್ನಾಳದ ಗೊಂಬೆಗಾರರು ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟು ಕಲಸುತ್ತಾರೆ. ಅದೇ ಬೀಜದ ಪುಡಿ 1943ರ ಸುಮಾರಿಗೆ, ಮಹಾಯುದ್ಧದ ಕಾಲದಲ್ಲಿ, ಬಟ್ಟೆ ಗಿರಣಿಗಳ ಗಂಜಿಗೂ ಬಂತು. ಬಡಿಗರು ಮಾತ್ರ ಎಲುಬು, ತೊಗಲು ಬೇಯಿಸಿ ತೆಗೆದ ಅಂಟನ್ನು ಪ್ರತಿ ಸಲವೂ ಕಾಯಿಸಿಕೊಂಡು ಹಚ್ಚುತ್ತಿದ್ದರು. 1959ರಲ್ಲಿ ಬಲವಂತ ಪಾರೇಖರ ಫೆವಿಕಾಲ್ ಬಂದು ಆ ಒಲೆಯನ್ನೂ ವಾಸನೆಯನ್ನೂ ತಪ್ಪಿಸಿತು.

ಇನ್ನು ಶಾಲೆಗೆ ಈ ಕೈಕೆಲಸ ಹೊಕ್ಕಿದ್ದು ಹೇಗೆ? 1937ರ ಅಕ್ಟೋಬರದಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬಿನ ಮೂಲಕವೇ ಪಾಠವಾಗಬೇಕೆಂದರು. ಮಗು ತಾನೇ ನೂಲಬೇಕು, ತಾನೇ ಕಲಿಯಬೇಕು. 1964-66ರ ಕೊಠಾರಿ ಆಯೋಗ ಅದನ್ನು 'ಕಾರ್ಯಾನುಭವ' ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕೆಲಸ' ಎಂಬ ಉದ್ದನೆಯ ಹೆಸರಿಟ್ಟಿತು. ಹೆಸರು ಉದ್ದವಾದಂತೆ ಮಗುವಿನ ಕೈ ಚಿಕ್ಕದಾಯಿತೋ ಏನೋ! ಅಂಗಡಿಯಿಂದ ಥರ್ಮಾಕೋಲ್ ತಂದು ಅಪ್ಪ ಕೊಡುತ್ತಾನೆ, ಅಮ್ಮ ಕತ್ತರಿಸುತ್ತಾಳೆ, ಮಗು ಮಲಗಿರುತ್ತದೆ. ಕಾರ್ಯ ಒಬ್ಬರದು, ಅನುಭವದ ಅಂಕ ಇನ್ನೊಬ್ಬರದು.

ಬಿಳಿ ಅಂಟಿನೊಳಗಿರುವುದು ನೀರು ಮತ್ತು ಅದರಲ್ಲಿ ತೇಲುವ ಸಣ್ಣ ಕಣಗಳು. ನೀರು ಕಾಗದಕ್ಕೆ ಇಂಗಿ, ಗಾಳಿಗೆ ಹೋದ ಮೇಲೆಯೇ ಕಣಗಳು ಕೂಡಿಕೊಂಡು ಪದರವಾಗುವುದು. ಥರ್ಮಾಕೋಲಿಗೆ ಪ್ಲಾಸ್ಟಿಕ್ ಅಂಟಿಸಿದರೆ ನೀರಿಗೆ ಹೋಗಲು ದಾರಿಯೇ ಇಲ್ಲ, ಬೆಳಗಿನವರೆಗೂ ಹಸಿಯೇ. ಆದ್ದರಿಂದ ಒಂದು ಬದಿಗಾದರೂ ಕಾಗದವೋ ರಟ್ಟೋ ಇರಲಿ. ತೆಳ್ಳಗೆ ಹಚ್ಚಿ, ಮೇಲೊಂದು ದಪ್ಪ ಪುಸ್ತಕ ಹೇರಿ. ನಿಲ್ಲಿಸಿದ ಗೋಡೆಗಾದರೆ ಬಟ್ಟೆಯ ಚಿಮಟಿಗೆ ಸಾಕು. ಒಲೆಯ ಬಳಿ ಇಟ್ಟರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ, ರಟ್ಟೂ ಸೊಟ್ಟಗಾಗುತ್ತದೆ. ಫ್ಯಾನಿನ ಗಾಳಿ ವಾಸಿ. ಜಮಖಂಡಿಯ ಏಪ್ರಿಲ್‌ನಲ್ಲಿ ಬೇಗ ಆರುವುದು ಶ್ರಾವಣದ ಜಿಟಿಜಿಟಿಯಲ್ಲಿ ಆರದು. ಮನೆಯಲ್ಲೇ ಮೈದಾ ಅಂಟು ಕಾಯಿಸುವವರು ಪುಸ್ತಕ ಕಟ್ಟುವವರಂತೆ ಮೈಲುತುತ್ತ ಬೆರೆಸುವುದು ಬೇಡ. ಅದು ವಿಷ, ಮಕ್ಕಳ ಕೈ ಬಾಯಿಗೆ ಹೋಗದೆ ಇರದು.

ಆರಿತೋ ಇಲ್ಲವೋ ಎಂದು ಪದೇ ಪದೇ ಬೆರಳಿಟ್ಟು ನೋಡುವುದೂ ಬೇಡ. ಹಾಲಿನಂಥ ಬಿಳುಪು ಹೋಗಿ ಗಾಜಿನಂತೆ ಕಂಡರೆ ಆರಿದಂತೆ. ಅಷ್ಟರಲ್ಲಿ ಬೆಳಗಾಗಿ, ಶಾಲೆಯ ರಿಕ್ಷಾ ಬಾಗಿಲಲ್ಲಿ ನಿಂತಿರುತ್ತದೆ.