ಪೋಲೀಸರಿಗೂ ಒಂದು ಪಾಠಶಾಲೆ

ಹುಟ್ಟಿದ ಊರು ಬಿಟ್ಟು ಬಂದು ನೆಲಸಿದ ನಮ್ಮಂಥ ಕುಟುಂಬಗಳಿಗೆ ಪೋಲೀಸ್ ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಇಂದಿಗೂ ಎದೆ ಡವಡವ. ನಾವು ವರ್ಗವಾಗಿ ಹೊಸ ಊರಿಗೆ ಬಂದ ದಿನ, ರೈಲು ನಿಲ್ದಾಣದಿಂದ ಮನೆ ಸೇರುವಷ್ಟರಲ್ಲಿ ಒಂದು ಟ್ರಂಕು ಕಾಣೆಯಾಯಿತು. ಮಕ್ಕಳ ಶಾಲೆಯ ಸರ್ಟಿಫಿಕೇಟುಗಳೆಲ್ಲ ಅದರಲ್ಲಿದ್ದವು. ಠಾಣೆಯ ಬಾಗಿಲಲ್ಲಿದ್ದವರು ನಮ್ಮ ಹರಕುಮುರುಕು ಭಾಷೆ ಕೇಳಿ ನಕ್ಕು, "ನಾಳೆ ಬನ್ನಿ" ಎಂದರು. ಒಳಗಿದ್ದ ಎಳೆ ವಯಸ್ಸಿನ ಸಬ್‌ಇನ್ಸ್‌ಪೆಕ್ಟರರು ಮಾತ್ರ ಕುರ್ಚಿ ತೋರಿಸಿ, ಒಂದೊಂದೇ ಪ್ರಶ್ನೆ ಕೇಳಿ, ದೂರು ಬರೆದುಕೊಂಡರು. ಟ್ರಂಕು ಸಿಗಲಿಲ್ಲ. ಆದರೆ ಆ ದೂರಿನ ಪ್ರತಿಯನ್ನು ತೋರಿಸಿಯೇ ನಾವು ಸರ್ಟಿಫಿಕೇಟುಗಳ ನಕಲು ಪಡೆದೆವು. ಒಂದೇ ಸೂರಿನ ಕೆಳಗೆ ಈ ಎರಡು ನಡವಳಿಕೆ ಏಕೆ? ಕೇಳಿಸಿಕೊಳ್ಳುವ ಗುಣವನ್ನು ಶಾಲೆಯಲ್ಲಿ ಕಲಿಸಲಾದೀತೆ? ಈ ಪ್ರಶ್ನೆಯ ಬೆನ್ನು ಹತ್ತಿ ಪೋಲೀಸ್ ತರಬೇತಿಯ ಇತಿಹಾಸವನ್ನು ಓದಿದೆವು. ಅದನ್ನು ವಾಚಕರೊಡನೆ ಹಂಚಿಕೊಳ್ಳುವ ಆಸೆ.

ನಮ್ಮ ಪೋಲೀಸ್ ವ್ಯವಸ್ಥೆಯ ಬೇರು ಸಿಂಧ್ ಪ್ರಾಂತದಲ್ಲಿದೆ. 1843ರಲ್ಲಿ ಸಿಂಧ್ ಗೆದ್ದ ಸರ್ ಚಾರ್ಲ್ಸ್ ನೇಪಿಯರ್ ಅಲ್ಲಿ ಐರ್ಲೆಂಡಿನ ಪೋಲೀಸ್ ಪಡೆಯ ಮಾದರಿಯಲ್ಲಿ ಒಂದು ದಳ ಕಟ್ಟಿದನು. ಐರ್ಲೆಂಡಿನ ಆ ಪಡೆ ಅರ್ಧ ಸೈನ್ಯವೇ. ಜನರ ಸೇವೆಗಿಂತ ಜನರನ್ನು ಹತೋಟಿಯಲ್ಲಿಡುವುದೇ ಅದರ ಮುಖ್ಯ ಕೆಲಸ. 1857ರ ದಂಗೆಯಿಂದ ಬೆದರಿದ ಸರಕಾರ 1861ರ ಪೋಲೀಸ್ ಕಾಯದೆಯನ್ನು ತಂದಾಗ ಇದೇ ಧೋರಣೆ ಉಳಿಯಿತು. ಹೀಗಾಗಿ ತರಬೇತಿ ಎಂದರೆ ಕವಾಯತು, ಬಂದೂಕು, ಸಲಾಮು ಎಂಬಷ್ಟೇ ಅರ್ಥ ಬಂದಿತು.

ಲಾರ್ಡ್ ಕರ್ಜನ್ ಕಾಲದಲ್ಲಿ, 1902ರಲ್ಲಿ, ಸರ್ ಆಂಡ್ರ್ಯೂ ಫ್ರೇಜರ್ ಅಧ್ಯಕ್ಷತೆಯ ಆಯೋಗ ನೇಮಕವಾಯಿತು. ಪೋಲೀಸರು ದಕ್ಷರಲ್ಲ, ತರಬೇತಿ ಸಾಲದು, ಜನರ ಕಣ್ಣಿಗೆ ಅವರು ಲಂಚಕೋರರು ಮತ್ತು ದಬ್ಬಾಳಿಕೆಯವರು ಎಂದು ಅದರ ವರದಿ ಮುಚ್ಚುಮರೆಯಿಲ್ಲದೆ ಬರೆಯಿತು. ಸರಕಾರವೇ ನೇಮಿಸಿದ ಆಯೋಗ ಸರಕಾರದ ಪೋಲೀಸರ ಬಗ್ಗೆ ಹೀಗೆ ಬರೆದದ್ದು ಸಣ್ಣ ಮಾತಲ್ಲ. ವಿದ್ಯಾವಂತ ತರುಣರನ್ನು ನೇರವಾಗಿ ಸಬ್‌ಇನ್ಸ್‌ಪೆಕ್ಟರರನ್ನಾಗಿ ತೆಗೆದುಕೊಳ್ಳಬೇಕು, ಪ್ರಾಂತಗಳಲ್ಲಿ ಅವರಿಗಾಗಿ ಶಾಲೆಗಳಿರಬೇಕು ಎಂದು ಆಯೋಗ ಸೂಚಿಸಿತು.

ಆಗ ಮುಂಬಯಿ ಪ್ರಾಂತದ ಶಾಲೆ 1906ರಲ್ಲಿ ಪುಣೆಯ ಭಾಂಬುರ್ಡೆಯಲ್ಲಿ ಆರಂಭವಾಗಿ, 1909ರಲ್ಲಿ ನಾಸಿಕಕ್ಕೆ ಹೋಯಿತು. ಇಂದಿನ ಮಹಾರಾಷ್ಟ್ರ ಪೋಲೀಸ್ ಅಕಾಡೆಮಿ ಅದರದೇ ಮುಂದುವರಿಕೆ. ಇದು ನಮಗೆ ಪರಕೀಯವಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿಯ ಆಡಳಿತದಲ್ಲೇ ಇದ್ದವು. ನಮ್ಮ ಹಿರಿಯರು ಭಯಭಕ್ತಿಯಿಂದ "ಫೌಜದಾರ ಸಾಹೇಬರು" ಎಂದು ಕರೆಯುತ್ತಿದ್ದ ಅಧಿಕಾರಿಗಳ ವಿದ್ಯೆಯ ತವರು ನಾಸಿಕವೇ.

ಇಂಥ ಶಾಲೆಗಳಲ್ಲಿ ಮೈದಾನದ ಪಾಠ ಒಂದು, ಕೋಣೆಯ ಪಾಠ ಇನ್ನೊಂದು. ಕೋಣೆಯಲ್ಲಿ 1860ರ ದಂಡ ಸಂಹಿತೆ, 1872ರ ಸಾಕ್ಷ್ಯ ಕಾಯದೆ, ತನಿಖೆಯ ಕ್ರಮ. ನಾವು ವಿಜ್ಞಾನ ಓದಿದವರಾದ್ದರಿಂದ ಬೆರಳಚ್ಚಿನ ಪಾಠ ನಮ್ಮನ್ನು ವಿಶೇಷವಾಗಿ ಸೆಳೆಯಿತು. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಪದ್ಧತಿಗೆ ಎಡ್ವರ್ಡ್ ಹೆನ್ರಿಯ ಹೆಸರು ನಿಂತಿತಾದರೂ, ಅದರ ಹಿಂದೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ನಮ್ಮವರು. ಹೊಡೆದು ಬಾಯಿ ಬಿಡಿಸುವ ಬದಲು ಗುರುತು ನೋಡಿ ನಿಜ ತಿಳಿಯುವ ದಾರಿ ಅದು. ದಾರಿ ತಿಳಿದವರೆಲ್ಲ ಅದರಲ್ಲಿ ನಡೆದರೆಂದು ಹೇಳಲಾರೆವು.

ಸ್ವಾತಂತ್ರ್ಯ ಬಂದ ಮೇಲೆ, ಸರ್ದಾರ್ ಪಟೇಲರು ಗೃಹಮಂತ್ರಿಯಾಗಿದ್ದಾಗ, 1948ರ ಸೆಪ್ಟೆಂಬರಿನಲ್ಲಿ ಮೌಂಟ್ ಅಬುವಿನಲ್ಲಿ ಕೇಂದ್ರ ಪೋಲೀಸ್ ತರಬೇತಿ ಕಾಲೇಜು ಆರಂಭವಾಯಿತು. 1972ರಲ್ಲಿ ಸೇವೆಗೆ ಸೇರಿದ ಕಿರಣ್ ಬೇಡಿಯವರು, ಈ ಸೇವೆಯ ಪ್ರಥಮ ಮಹಿಳೆ, ತರಬೇತಿ ಪಡೆದದ್ದು ಅಲ್ಲಿಯೇ. 1974ರಲ್ಲಿ ಸಂಸ್ಥೆಗೆ ಪಟೇಲರ ಹೆಸರಿಟ್ಟರು. 1975ರಲ್ಲಿ ಅದು ಹೈದರಾಬಾದಿಗೆ ಬಂದಿತು.

ಕಟ್ಟಡ ಬದಲಾದರೆ ಸಾಕೆ? ಪಾಠ ಬದಲಾಗಬೇಡವೆ? ಈ ಮಾತನ್ನು ಗಟ್ಟಿಯಾಗಿ ಎತ್ತಿದ್ದು ಪ್ರೊಫೆಸರ್ ಎಂ. ಎಸ್. ಗೋರೆಯವರ ಸಮಿತಿ. 1971ರಲ್ಲಿ ನೇಮಕವಾಗಿ 1973ರಲ್ಲಿ ವರದಿ ಕೊಟ್ಟ ಈ ಸಮಿತಿಯ ಅಧ್ಯಕ್ಷರು ಪೋಲೀಸ್ ಅಧಿಕಾರಿಯಲ್ಲ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಕವಾಯತು, ಕಾನೂನುಗಳ ಜೊತೆಗೆ ಸಮಾಜವನ್ನು ಅರಿಯುವ ಪಾಠ ಬೇಕು, ಪೋಲೀಸರ ಮನೋಭಾವವೇ ತಿದ್ದಬೇಕು ಎಂಬುದು ವರದಿಯ ತಿರುಳು. ನಮ್ಮ ಪ್ರಶ್ನೆಗೆ ಸಿಕ್ಕ ಉತ್ತರವೂ ಇದೇ.

ಹೈದರಾಬಾದಿನ ಪಾಠಗಳಲ್ಲಿ ನಮ್ಮ ಮನಸ್ಸಿಗೆ ಹತ್ತಿರವಾದದ್ದು ಇನ್ನೊಂದಿದೆ. ಐ.ಪಿ.ಎಸ್. ತರುಣರು ತಮಗೆ ಹಂಚಿಕೆಯಾದ ರಾಜ್ಯದ ಭಾಷೆಯನ್ನು ಕಲಿಯಬೇಕು. ಬಿಹಾರದ ಹುಡುಗನೋ ಪಂಜಾಬಿನ ಹುಡುಗಿಯೋ ಕರ್ನಾಟಕಕ್ಕೆ ಬರುವುದಾದರೆ ಕನ್ನಡದ ಅ ಆ ಇ ಈ ತಿದ್ದಲೇಬೇಕು. ಪರಸ್ಥಳದಲ್ಲಿ ತರಕಾರಿಯವನ ಮುಂದೆ ಮಾತಿಗೆ ತಡವರಿಸಿದ ನಮಗೆ ಅವರ ಕಷ್ಟ ಗೊತ್ತು. ಹಾಗೆ ತಡವರಿಸಿದವರು ಇನ್ನೊಬ್ಬರ ತಡವರಿಕೆಗೆ ನಗಲಾರರು ಎಂಬ ನಂಬಿಕೆ ನಮ್ಮದು.

ಆದರೆ ಠಾಣೆಯ ಬಾಗಿಲಲ್ಲಿ ನಮಗೆ ಎದುರಾಗುವವರು ಐ.ಪಿ.ಎಸ್. ಅಧಿಕಾರಿಗಳಲ್ಲ, ಕಾನ್‌ಸ್ಟೇಬಲ್ಲರು. ಅವರ ತರಬೇತಿ ಚನ್ನಪಟ್ಟಣದಂಥ ಊರುಗಳ ಶಾಲೆಗಳಲ್ಲಿ, ರಾಜ್ಯ ಸರಕಾರಗಳ ಕೈಯಲ್ಲಿ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ, ಸಾಕ್ಷ್ಯ ಕಾಯದೆಗಳು ಹೋಗಿ ಹೊಸ ಸಂಹಿತೆಗಳು ಜಾರಿಗೆ ಬಂದಿವೆ. ಪುಸ್ತಕದ ಕಲಮುಗಳನ್ನು ಒಂದೇ ದಿನದಲ್ಲಿ ಬದಲಿಸಬಹುದು. ಬಾಗಿಲಲ್ಲಿ ನಿಂತವರ ಮಾತಿನ ಧಾಟಿ ಹಾಗೆ ಬದಲಾಗದು. ಅದಕ್ಕೆ ಪಾಠ ಬೇಕು, ಕಲಿಸುವ ಒಳ್ಳೆಯ ಗುರುಗಳು ಬೇಕು, ಅದಕ್ಕೆ ತಗಲುವ ಹಣವನ್ನು ದಂಡವೆಂದು ಎಣಿಸದ ಸರಕಾರ ಬೇಕು.

ಅಂದು ನಮಗೆ ಕುರ್ಚಿ ತೋರಿಸಿದ ಆ ತರುಣರ ಗುರುಗಳು ಯಾರೋ ತಿಳಿಯದು. ಯಾರೇ ಇರಲಿ, ಅವರಿಗೆ ನಮ್ಮ ನಮಸ್ಕಾರ.